ಟ್ರ್ಯಾಕಿನಿಂದ ಮರಳಿದ ಕಾರಿನ ಬ್ರೇಕು: ಘಾಟಿ ಇಳಿಯುವ ಮೊದಲು ನೋಡಬೇಕಾದ್ದು

ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಓಡಿ ಬಂದ ಮನೆಯ ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಏಟು ತಿನ್ನುವ ಭಾಗ ಬ್ರೇಕು. ಬೆಂಗಳೂರು, ನೆಲಮಂಗಲ, ದಾಬಸ್‌ಪೇಟೆ ಕಡೆಯ ಉತ್ಸಾಹಿಗಳು ಸ್ವಂತ ಕಾರನ್ನು ಟ್ರ್ಯಾಕಿಗೆ ಇಳಿಸಬೇಕೆಂದರೆ ಸಾಮಾನ್ಯವಾಗಿ ತಮಿಳುನಾಡಿಗೆ ಹೋಗುತ್ತಾರೆ. ಒಂದು, ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈನಲ್ಲಿ 1990ರಲ್ಲಿ ಶುರುವಾದ ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕು, ಇನ್ನೊಂದು, ಕೊಯಮತ್ತೂರು ಬಳಿಯ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ. ಟ್ರ್ಯಾಕ್ ಡೇ ಎಂಬುದು ಸ್ಪರ್ಧೆಯಲ್ಲ. ಶುಲ್ಕ ಕಟ್ಟಿ, ಸರದಿ ಬಂದಾಗ ಒಂದಷ್ಟು ಸುತ್ತು ಓಡಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಓಡಿಸುವ ಏರ್ಪಾಡು. ರೇಸ್ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಬರುತ್ತಾರೆ. ಟ್ರ್ಯಾಕ್ ಡೇಗೆ ಬಂದ ಕಾರು ಅದೇ ಬ್ರೇಕಿನಲ್ಲಿ 300 ಕಿ.ಮೀ.ಗಿಂತ ಹೆಚ್ಚು ಹೆದ್ದಾರಿ ದಾಟಿ ಮನೆ ಸೇರಬೇಕು, ಸೋಮವಾರ ಕಚೇರಿಗೆ ಹೋಗಬೇಕು, ಮುಂದಿನ ವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೋ ಕುಕ್ಕೆಗೋ ಹೊರಡಬೇಕು. ಟ್ರ್ಯಾಕಿನಲ್ಲಿ ಆದ ಹಾನಿ ಊರಿನ ರಸ್ತೆಯಲ್ಲಿ ಕಾಣಿಸದೆ ಘಾಟಿಯಲ್ಲಿ ಕಾಣಿಸಿಕೊಳ್ಳಬಹುದು ಎಂಬುದೇ ಈ ವಿಷಯದ ಮುಖ್ಯ ಅಪಾಯ.

ಬ್ರೇಕು ಮಾಡುವ ಕೆಲಸ ಒಂದೇ: ಓಟದ ಶಕ್ತಿಯನ್ನು ಬಿಸಿಯಾಗಿ ಮಾರ್ಪಡಿಸಿ ಗಾಳಿಗೆ ಬಿಡುವುದು. 1200 ಕೆ.ಜಿ. ತೂಕದ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 60ಕ್ಕೆ ಇಳಿದರೆ ಸುಮಾರು 10 ಲಕ್ಷ ಜೂಲ್ ಶಕ್ತಿ ಬಿಸಿಯಾಗುತ್ತದೆ. ಮನೆಯ ಪಾತ್ರೆಯಲ್ಲಿ ಮೂರು ಲೀಟರ್ ತಣ್ಣೀರನ್ನು ಕುದಿಸಲು ಹೆಚ್ಚುಕಡಿಮೆ ಇಷ್ಟೇ ಶಕ್ತಿ ಬೇಕು. ಕಾರಿನಲ್ಲಿ ಅದು ನಾಲ್ಕೈದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಈ ಬಿಸಿಯಲ್ಲಿ ಸುಮಾರು ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕುಗಳ ಪಾಲಾಗುತ್ತದೆ. ಒಂದೊಂದು ಡಿಸ್ಕು 6 ಕೆ.ಜಿ. ಇದ್ದರೆ ಒಂದೇ ಬಾರಿ ಹಾಗೆ ಬ್ರೇಕ್ ಹಾಕಿದ್ದಕ್ಕೆ ಅದರ ಉಷ್ಣತೆ 130 ಡಿಗ್ರಿಯಷ್ಟು ಏರುತ್ತದೆ. ರಸ್ತೆಯ ಮೇಲೆ ಇಂಥ ಬ್ರೇಕು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಟ್ರ್ಯಾಕಿನಲ್ಲಿ ಸುತ್ತಿಗೆ ಮೂರು ನಾಲ್ಕು ಸಲ ಬರುತ್ತದೆ. ಹಿಂದಿನ ಬಿಸಿ ಆರುವ ಮೊದಲೇ ಮುಂದಿನ ತಿರುವು ಎದುರಾಗಿರುತ್ತದೆ. ಕೆಲವೇ ಸುತ್ತುಗಳಲ್ಲಿ ಡಿಸ್ಕಿನ ಮೈ 500 ಡಿಗ್ರಿ ದಾಟುವುದು ಹೀಗೆ.

ಈ ಬಿಸಿ ಮೂರು ಕಡೆ ಹಾನಿ ಮಾಡುತ್ತದೆ: ಗ್ಯಾರೇಜಿನವರು ಬ್ರೇಕ್ ಆಯಿಲ್ ಎನ್ನುವ ದ್ರವದಲ್ಲಿ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿನಲ್ಲಿ ಮತ್ತು ಡಿಸ್ಕಿನಲ್ಲಿ. ಯಾವುದಕ್ಕೆ ಏನಾಗಿದೆ ಎಂಬುದನ್ನು ಚಾಲಕನ ಪಾದವೇ ಹೇಳುತ್ತದೆ, ಗಮನ ಕೊಟ್ಟರೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋದರೆ ಆಯಿಲ್ ಕುದಿದಿದೆ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ತುಳಿದರೂ ಕಾರು ನಿಲ್ಲದಿದ್ದರೆ ಪ್ಯಾಡು ಸೋತಿದೆ. ಬ್ರೇಕ್ ಹಿಡಿಯುತ್ತದೆ, ಆದರೆ ಪೆಡಲೂ ಸ್ಟಿಯರಿಂಗೂ ನಡುಗುತ್ತವೆ ಎಂದಾದರೆ ಡಿಸ್ಕಿನ ಮೈ ಕೆಟ್ಟಿದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಗ್ಯಾರೇಜಿಗೆ ಹೋಗಿ ‘ಬ್ರೇಕ್ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಸಾಮಾನ್ಯವಾಗಿ ಪ್ಯಾಡು ಬದಲಾಗುತ್ತದೆ, ಕುದಿದ ಆಯಿಲ್ ಒಳಗೇ ಉಳಿಯುತ್ತದೆ.

ಆಯಿಲ್ ವಿಷಯ ಎಲ್ಲಕ್ಕಿಂತ ಗಂಭೀರವಾದ್ದರಿಂದ ಅದನ್ನು ವಿವರವಾಗಿ ನೋಡಬೇಕು. ಪೆಡಲ್ ತುಳಿದ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಈ ದ್ರವ. ದ್ರವ ಕುಗ್ಗುವುದಿಲ್ಲ, ಆದ್ದರಿಂದ ಒತ್ತಡ ಪೂರ್ತಿಯಾಗಿ ಮುಟ್ಟುತ್ತದೆ. ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ, ಆವಿ ಕುಗ್ಗುತ್ತದೆ, ಪಾದದ ಒತ್ತಡವೆಲ್ಲ ಗುಳ್ಳೆ ಹಿಂಡುವುದಕ್ಕೇ ಖರ್ಚಾಗುತ್ತದೆ. ಡಾಟ್ 3, ಡಾಟ್ 4, ಡಾಟ್ 5.1 ಎಂದು ಡಬ್ಬಿಯ ಮೇಲೆ ಬರೆದಿರುವುದು ಮುಖ್ಯವಾಗಿ ಈ ಕುದಿಯುವ ಮಟ್ಟದ ದರ್ಜೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ, ಡಾಟ್ 4 230ರವರೆಗೆ, ಡಾಟ್ 5.1 260ರವರೆಗೆ ಕುದಿಯದೆ ತಡೆಯಬೇಕು. ಆದರೆ ಈ ಮೂರೂ ಗ್ಲೈಕಾಲ್ ಜಾತಿಯವು, ಗಾಳಿಯ ತೇವವನ್ನು ಹೀರುತ್ತವೆ. ಶೇ 3.7ರಷ್ಟು ನೀರು ಸೇರಿದ ಸ್ಥಿತಿಯಲ್ಲಿ ಇವುಗಳ ಕನಿಷ್ಠ ಮಟ್ಟ ಕ್ರಮವಾಗಿ 140, 155 ಮತ್ತು 180ಕ್ಕೆ ಇಳಿಯುತ್ತದೆ. ಅಂದರೆ ಮೂರು ಮಳೆಗಾಲ ಕಂಡ ಡಾಟ್ 4, ಹೊಸ ಡಾಟ್ 3ಕ್ಕಿಂತ ಬಹಳ ಬೇಗ ಕುದಿಯಬಹುದು. ಡಬ್ಬಿಯ ದರ್ಜೆಗಿಂತ ಆಯಿಲಿನ ವಯಸ್ಸು ಹೆಚ್ಚು ಮುಖ್ಯ ಎನ್ನುವುದು ಈ ಕಾರಣಕ್ಕೆ.

ಕುದಿದ ಆಯಿಲ್ ತಣ್ಣಗಾದ ಮೇಲೆ ಆವಿಯ ಬಹುಪಾಲು ಮತ್ತೆ ದ್ರವವಾಗುತ್ತದೆ, ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ‘ಬಿಸಿಯಾಗಿತ್ತು, ಸರಿಹೋಯಿತು’ ಎಂದು ಚಾಲಕ ನೆಮ್ಮದಿಯಾಗುವುದು ಇಲ್ಲಿಯೇ. ಒಳಗಿರುವುದು ಅದೇ ಹಳೆಯ, ನೀರು ಕುಡಿದ ಆಯಿಲ್. ಅಷ್ಟೇ ಬಿಸಿ ಮತ್ತೆ ಬಂದರೆ ಅದು ಮತ್ತೆ ಕುದಿಯುತ್ತದೆ. ಒಮ್ಮೆ ಪೆಡಲ್ ಕೆಳಕ್ಕೆ ಹೋದ ಕಾರಿನ ಆಯಿಲನ್ನು ಪೂರ್ತಿ ಬದಲಿಸಲೇಬೇಕು. ಇದರಲ್ಲಿ ಜಿಪುಣತನ ಸಲ್ಲದು. ಬೇಕಾಗುವುದು ಒಂದು ಲೀಟರಿನೊಳಗೆ.

ಪ್ಯಾಡಿನ ಸೋಲು ಬೇರೆ ಬಗೆಯದು. ನಾರು, ಲೋಹದ ಪುಡಿ, ಘರ್ಷಣೆಯ ವಸ್ತುಗಳನ್ನು ಒಂದು ರಾಳ ಹಿಡಿದಿಟ್ಟುಕೊಂಡಿರುತ್ತದೆ. ಮಿತಿ ಮೀರಿ ಕಾದಾಗ ರಾಳ ಬೆಂದು ಅನಿಲ ಬಿಡುತ್ತದೆ, ಡಿಸ್ಕಿಗೂ ಪ್ಯಾಡಿಗೂ ನಡುವೆ ಹಿಡಿತ ತಪ್ಪುತ್ತದೆ. ಹೊಸದಾಗಿ ಹಾಕಿದ ಪ್ಯಾಡಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಆದ್ದರಿಂದ ಟ್ರ್ಯಾಕಿಗೆ ಹೊರಡುವ ಹಿಂದಿನ ದಿನ ಹೊಸ ಪ್ಯಾಡು ಹಾಕಿಸಿಕೊಳ್ಳುವುದು ಒಳ್ಳೆಯ ಉದ್ದೇಶದ ಕೆಟ್ಟ ನಿರ್ಧಾರ.

ಟ್ರ್ಯಾಕಿನಲ್ಲಿಯೇ ಮಾಡಬೇಕಾದ ಕೆಲವು ಕೆಲಸಗಳಿವೆ. ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಆದಷ್ಟೂ ಮುಟ್ಟದೆ, ಗೇರಿನಲ್ಲೇ ವೇಗ ಹತೋಟಿಯಲ್ಲಿಟ್ಟು ಓಡಿಸಬೇಕು. ಹರಿಯುವ ಗಾಳಿ ಡಿಸ್ಕನ್ನು ಆರಿಸುತ್ತದೆ. ಪಿಟ್‌ಗೆ ಬಂದು ನಿಂತ ಮೇಲೆ ಬ್ರೇಕ್ ತುಳಿದೇ ಕೂರಬಾರದು. ನಿಂತ ಕಾರಿಗೆ ಗಾಳಿ ತಾಗುವುದಿಲ್ಲ, ಡಿಸ್ಕಿನ ಬಿಸಿ ಪ್ಯಾಡಿನ ಮೂಲಕ ಅದನ್ನು ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಆಯಿಲಿಗೆ ಇಳಿಯುತ್ತದೆ. ಓಡುವಾಗ ಕುದಿಯದ ಆಯಿಲ್ ನಿಂತ ಐದು ನಿಮಿಷದಲ್ಲಿ ಕುದಿಯುವುದುಂಟು. ಮುಂದಿನ ಸರದಿಗೆ ಹೊರಡುವ ಮೊದಲು ನಿಂತಲ್ಲಿಯೇ ಪೆಡಲ್ ಒತ್ತಿ ನೋಡುವುದು ಇದಕ್ಕಾಗಿ. ಹ್ಯಾಂಡ್‌ಬ್ರೇಕ್ ಎಳೆಯಬಾರದು. ಹಿಂದೆ ಡಿಸ್ಕ್ ಇದ್ದರೆ ಅದು ಆರುತ್ತಾ ಕುಗ್ಗಿ ಹಿಡಿತ ಸಡಿಲವಾಗುತ್ತದೆ, ಇಳಿಜಾರಿನಲ್ಲಿ ಕಾರು ತಾನಾಗಿ ಜಾರಬಹುದು. ನಮ್ಮಲ್ಲಿನ ಬಹಳಷ್ಟು ಸಣ್ಣ ಕಾರುಗಳಂತೆ ಹಿಂದೆ ಡ್ರಮ್ ಇದ್ದರೆ, ಕಾದು ಹಿಗ್ಗಿದ ಡ್ರಮ್ಮು ಆರುವಾಗ ಕುಗ್ಗಿ ಶೂಗಳನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡುವುದೇ ಸರಿ. ಬೇಗ ತಣ್ಣಗಾಗಲಿ ಎಂದು ನೀರು ಎರಚುವುದಂತೂ ಮಾಡಲೇಬಾರದ ಕೆಲಸ: ಕಾದ ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಸಂಜೆ ಹೊರಡುವ ಮುನ್ನ ಟಾರ್ಚ್ ಹಿಡಿದು ಚಕ್ರದ ಕಡ್ಡಿಗಳ ನಡುವಿನಿಂದ ಪ್ಯಾಡಿನ ದಪ್ಪ ನೋಡಬೇಕು. ಮೂರು ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ, ಅಥವಾ ಪೆಡಲ್ ಇನ್ನೂ ಮೆತ್ತಗಿದ್ದರೆ, ರಾತ್ರಿಯ ಹೆದ್ದಾರಿಗೆ ಆ ಕಾರು ಇಳಿಯಬಾರದು. ಬದಲಿ ಪ್ಯಾಡು ಮತ್ತು ಸೀಲ್ ಒಡೆಯದ ಆಯಿಲ್ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟುಕೊಂಡೇ ಟ್ರ್ಯಾಕಿಗೆ ಹೋಗುವ ರೂಢಿ ಇದಕ್ಕಾಗಿಯೇ ಬೆಳೆದಿದೆ.

ಮನೆಗೆ ಬಂದ ಮೇಲೆ, ಕಾರು ಪೂರ್ತಿ ತಣ್ಣಗಾದಾಗ, ನಾಲ್ಕೂ ಚಕ್ರ ಬಿಚ್ಚಿ ನೋಡುವುದು ನಿಜವಾದ ಪರೀಕ್ಷೆ. ಜಾಕಿಯ ಮೇಲಷ್ಟೇ ನಿಂತ ಕಾರಿನ ಕೆಳಗೆ ಕೈ ಹಾಕಬಾರದು, ಸ್ಟ್ಯಾಂಡ್ ಕೊಡಬೇಕು. ಬ್ರೇಕಿನ ಧೂಳನ್ನು ಗಾಳಿ ಪೈಪಿನಿಂದ ಊದುವುದು ಗ್ಯಾರೇಜುಗಳಲ್ಲಿ ಸಾಮಾನ್ಯ. ಆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೇಲು.

ಪ್ಯಾಡನ್ನು ಹೊರತೆಗೆದು ಕೈಯಲ್ಲಿ ಹಿಡಿದರೆ ಬಹಳಷ್ಟು ಗೊತ್ತಾಗುತ್ತದೆ. ಅಂಚು ಬೂದು ಬಿಳಿಯಾಗಿದ್ದು ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿದ್ದರೆ ರಾಳ ಬೆಂದುಹೋಗಿದೆ. ಡಿಸ್ಕಿಗೆ ಉಜ್ಜುವ ಮುಖ ಗಾಜಿನ ಹೊಳಪು ಪಡೆದಿದ್ದರೆ ಅದು ಮತ್ತೆ ಸರಿಯಾಗಿ ಹಿಡಿಯುವುದು ಕಷ್ಟ. ಹಿಂಬದಿಯ ಲೋಹದ ತಗಡಿನಿಂದ ಪ್ಯಾಡು ಬಿಟ್ಟುಕೊಳ್ಳುತ್ತಿರುವ ಗೆರೆ ಕಂಡರೆ ಅಲ್ಲಿಗೇ ಅದನ್ನು ಎಸೆಯಬೇಕು. ಒಂದೇ ಚಕ್ರದ ಒಳಗಿನ ಪ್ಯಾಡು, ಹೊರಗಿನ ಪ್ಯಾಡು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ಹೆಚ್ಚು ಸವೆದಿದ್ದರೆ, ಅಥವಾ ಒಂದೇ ಪ್ಯಾಡು ಓರೆಯಾಗಿ ಸವೆದಿದ್ದರೆ, ದೋಷ ಪ್ಯಾಡಿನದಲ್ಲ: ಕ್ಯಾಲಿಪರ್ ಜಾರುವ ಪಿನ್ನು ಒಣಗಿ ಹಿಡಿದುಕೊಂಡಿದೆ, ಇಲ್ಲವೇ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಪಿಸ್ಟನ್ನಿನ ಸುತ್ತಲಿನ ರಬ್ಬರ್ ಬೂಟು ಮುಟ್ಟಿದರೆ ಮುರಿಯುವಷ್ಟು ಗರಿಗರಿಯಾಗಿದ್ದರೆ ಒಳಗಿನ ಸೀಲೂ ಗಟ್ಟಿಯಾಗಿದೆ ಎಂದೇ ಎಣಿಸಿ, ಸೀಲ್ ಕಿಟ್ ಬದಲಿಸಬೇಕು. ಪಿನ್ನಿಗೆ ಬ್ರೇಕಿಗೆಂದೇ ಇರುವ ಗ್ರೀಸನ್ನು ಮಾತ್ರ ಹಚ್ಚಬೇಕು. ಸಾಧಾರಣ ಗ್ರೀಸು ರಬ್ಬರನ್ನು ಉಬ್ಬಿಸುತ್ತದೆ.

ಡಿಸ್ಕಿನ ಮೇಲೆ ನೀಲಿ ಛಾಯೆ ಕಂಡರೆ ಅದು ಬಹಳ ಕಾದಿತ್ತು ಎಂದರ್ಥ, ಬಣ್ಣವೊಂದೇ ಡಿಸ್ಕು ಬದಲಿಸಲು ಕಾರಣವಲ್ಲ. ಕೂದಲಿನಷ್ಟು ಸಣ್ಣ ಬಿರುಕುಗಳು ಮೈಮೇಲೆ ಹರಡಿರುವುದೂ ಟ್ರ್ಯಾಕ್ ಕಾರಿನಲ್ಲಿ ಅಪರೂಪವಲ್ಲ. ಬಿರುಕು ಉಗುರಿಗೆ ತಡೆಯುವಷ್ಟು ಆಳವಾಗಿದ್ದರೆ, ಅಥವಾ ಡಿಸ್ಕಿನ ಅಂಚು ಮುಟ್ಟಿದ್ದರೆ, ಆ ಡಿಸ್ಕು ಮುಗಿಯಿತು. ನೋಟಕ್ಕೆ ಚೆಂದವೆಂದು ಹಾಕಿಸುವ ತೂತುಗಳ ಡಿಸ್ಕುಗಳಲ್ಲಿ ಬಿರುಕು ತೂತಿನಿಂದ ತೂತಿಗೆ ಓಡುತ್ತದೆ. ಟ್ರ್ಯಾಕಿಗೆ ಹೋಗುವವರಿಗೆ ತೂತಿಲ್ಲದ ಡಿಸ್ಕೇ ಒಳ್ಳೆಯದು. ಡಿಸ್ಕಿನ ಅಂಚಿನಲ್ಲೋ ನಡುವಿನ ಬಟ್ಟಲಿನ ಮೇಲೋ ಕನಿಷ್ಠ ದಪ್ಪವನ್ನು ಅಚ್ಚು ಹಾಕಿರುತ್ತಾರೆ. ಮೈಕ್ರೋಮೀಟರಿನಲ್ಲಿ ಅಳೆದು ಆ ಅಂಕಿಗೆ ಹೋಲಿಸಿ ನೋಡಬೇಕು.

ಟ್ರ್ಯಾಕಿನಿಂದ ಬಂದವರು ಅತಿ ಹೆಚ್ಚು ಹೇಳುವ ದೂರು ನಡುಕ. ‘ಡಿಸ್ಕ್ ಬೆಂಡಾಗಿದೆ’ ಎಂಬುದು ಅದಕ್ಕೆ ಎಲ್ಲರೂ ಕೊಡುವ ವಿವರಣೆ. ನಿಜಕ್ಕೂ ಡಿಸ್ಕು ಬಾಗುವುದು ಬಲು ಅಪರೂಪ. ತುಂಬ ಕಾದ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಅಲ್ಲಲ್ಲಿ ಅಂಟಿಕೊಳ್ಳುತ್ತದೆ, ವಿಶೇಷವಾಗಿ ಬ್ರೇಕ್ ತುಳಿದುಕೊಂಡೇ ನಿಂತಾಗ ಪ್ಯಾಡಿನ ಆಕಾರದ ಒಂದು ಮಚ್ಚೆಯೇ ಮೂಡುತ್ತದೆ. ಸುತ್ತಿನಲ್ಲಿ ದಪ್ಪದ ವ್ಯತ್ಯಾಸ 0.02 ಮಿ.ಮೀ. ಆದರೆ ಸಾಕು, ಪಾದಕ್ಕೆ ನಡುಕ ತಿಳಿಯುತ್ತದೆ. ಹಾಗೆಯೇ ಬಿಟ್ಟರೆ ಮಚ್ಚೆ ಇರುವ ಜಾಗ ಪ್ರತಿ ಸುತ್ತಿಗೂ ಉಳಿದ ಭಾಗಕ್ಕಿಂತ ಹೆಚ್ಚು ಕಾಯುತ್ತದೆ. ಆ ಜಾಗದ ಉಷ್ಣತೆ 700 ಡಿಗ್ರಿಯ ಆಸುಪಾಸಿಗೆ ಹೋದರೆ ಎರಕದ ಕಬ್ಬಿಣದ ರಚನೆಯೇ ಬದಲಾಗಿ ಸಿಮೆಂಟೈಟ್ ಎಂಬ ಬಹು ಗಟ್ಟಿಯಾದ ರೂಪ ಹುಟ್ಟುತ್ತದೆ. ಅದು ಸವೆಯುವುದಿಲ್ಲ, ಸುತ್ತಲಿನ ಕಬ್ಬಿಣ ಸವೆಯುತ್ತದೆ, ನಡುಕ ದಿನದಿನಕ್ಕೆ ಹೆಚ್ಚುತ್ತದೆ.

ಲೇಥಿಗೆ ಕೊಟ್ಟು ಡಿಸ್ಕನ್ನು ಹೆರೆಸುವುದರಿಂದ ಅಂಟಿದ ಪದರ ಹೋಗುತ್ತದೆ. ಸಿಮೆಂಟೈಟ್ ಮೈಯೊಳಕ್ಕೆ ಇಳಿದಿದ್ದರೆ ಹೋಗುವುದಿಲ್ಲ. ಕೆಲವು ನೂರು ಕಿಲೋಮೀಟರಿನಲ್ಲಿ ನಡುಕ ಮತ್ತೆ ಬರುತ್ತದೆ, ಜತೆಗೆ ಡಿಸ್ಕು ತೆಳ್ಳಗಾಗಿ ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿಯೂ ತಗ್ಗಿರುತ್ತದೆ. ಹೊಸ ಮಚ್ಚೆಯಾದರೆ ಮೊದಲು, ಮುಂದೆ ಹೇಳಿರುವ, ಪ್ಯಾಡನ್ನು ಮತ್ತೆ ಕೂರಿಸುವ ಕ್ರಮದಿಂದ ಉಜ್ಜಿ ತೆಗೆಯಲು ನೋಡಬಹುದು. ಹಳೆಯದಾದರೆ ಎರಡೂ ಬದಿಯ ಡಿಸ್ಕುಗಳನ್ನು ಒಟ್ಟಿಗೆ ಬದಲಿಸುವುದೇ ಕೊನೆಗೆ ಅಗ್ಗ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೆಚ್ಚುಕಡಿಮೆ ಎಲ್ಲ ಕಾರುಗಳ ಡಿಸ್ಕೂ ಪ್ಯಾಡೂ ಸಿಗುತ್ತವೆ. ಕೊಳ್ಳುವಾಗ ಬಿಲ್ಲು ಕೇಳಿ ಪಡೆಯಬೇಕು. ಪೊಟ್ಟಣದ ಸೀಲು, ಪ್ಯಾಡಿನ ಬೆನ್ನಿನ ಮೇಲಿನ ಅಚ್ಚು ನೋಡಬೇಕು, ಏಕೆಂದರೆ ಬ್ರೇಕಿನ ವಿಷಯದಲ್ಲಿ ನಕಲಿ ಮಾಲು ಎಂಜಿನ್ ಆಯಿಲಿನ ನಕಲಿಗಿಂತ ಬಹಳ ಬೇಗ ಜೀವಕ್ಕೆ ಎರವಾಗುತ್ತದೆ. ಹೊಸ ಡಿಸ್ಕು ಕೂರುವ ಹಬ್ಬಿನ ಮುಖದ ತುಕ್ಕನ್ನು ಕೆರೆದು ತೆಗೆಯದಿದ್ದರೆ ಹೊಸದೂ ಓರೆಯಾಗಿ ಸುತ್ತುತ್ತದೆ. ಚಕ್ರದ ನಟ್ಟುಗಳನ್ನು ಏರ್ ಗನ್ನಿನಲ್ಲಿ ಒಂದೊಂದಾಗಿ ಬಿಗಿದುಬಿಟ್ಟರೂ ಹಾಗೆಯೇ ಆಗುತ್ತದೆ. ಎದುರು ಬದುರು ನಟ್ಟುಗಳನ್ನು ಹಂತಹಂತವಾಗಿ, ಕಾರಿನ ಪುಸ್ತಕದಲ್ಲಿ ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಬೇಕು.

ಇದೇ ಹೊತ್ತಿಗೆ ರಬ್ಬರ್ ಹೋಸುಗಳು ಬಿರುಕು ಬಿಟ್ಟಿವೆಯೇ, ಎಬಿಎಸ್ ಸೆನ್ಸರಿನ ವೈರು ಬೆಂದಿದೆಯೇ, ಕೈಯಲ್ಲಿ ತಿರುಗಿಸಿದಾಗ ಚಕ್ರದ ಬೇರಿಂಗ್ ಸದ್ದು ಮಾಡುತ್ತದೆಯೇ ಎಂದು ನೋಡಿಬಿಡುವುದು ಒಳ್ಳೆಯದು. ಹಿಂದಿನ ಬ್ರೇಕು ಅನಿರೀಕ್ಷಿತವಾಗಿ ಸವೆದಿದ್ದರೆ ಇಎಸ್‌ಪಿ ಕಾರಣವಿರಬಹುದು: ತಿರುವಿನಲ್ಲಿ ಕಾರು ಜಾರದಂತೆ ತಡೆಯಲು ಅದು ಚಾಲಕನಿಗೆ ತಿಳಿಯದಂತೆ ಬ್ರೇಕ್ ಹಾಕುತ್ತಲೇ ಇರುತ್ತದೆ.

ಆಯಿಲ್ ಬದಲಿಸುವಾಗ ಮಾಸ್ಟರ್ ಸಿಲಿಂಡರಿನ ಡಬ್ಬಿ ಒಮ್ಮೆಯೂ ಬರಿದಾಗಬಾರದು, ಗಾಳಿ ಒಳಗೆ ಹೋಗುತ್ತದೆ. ಒಬ್ಬರು ಪೆಡಲ್ ತುಳಿದು ಹಿಡಿದಾಗ ಇನ್ನೊಬ್ಬರು ಕ್ಯಾಲಿಪರಿನ ನಿಪ್ಪಲ್ ಸಡಿಲಿಸಿ, ಪಾರದರ್ಶಕ ಕೊಳವೆಯಲ್ಲಿ ಬರುವ ದ್ರವ ನೋಡಿ, ನಿಪ್ಪಲ್ ಮುಚ್ಚಿದ ಮೇಲಷ್ಟೇ ಪೆಡಲ್ ಬಿಡಿಸಬೇಕು. ಮೊದಲು ಕಂದು ಬಣ್ಣದ್ದು ಬರುತ್ತದೆ, ನಡುವೆ ಸಣ್ಣ ಗುಳ್ಳೆಗಳ ಸಾಲು; ತಿಳಿ ಹೊಂಬಣ್ಣದ ದ್ರವ ಗುಳ್ಳೆಯಿಲ್ಲದೆ ಬರುವವರೆಗೂ ಮುಂದುವರಿಸಬೇಕು. ಯಾವ ಚಕ್ರ ಮೊದಲು ಎಂಬುದನ್ನು ಕಾರಿನ ಕೈಪಿಡಿ ಹೇಳುತ್ತದೆ. ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ದರೆ ಈ ವಿಧಾನ ಸಾಲದು, ಸ್ಕ್ಯಾನರ್ ಜೋಡಿಸಿ ಪಂಪು ಓಡಿಸಬಲ್ಲ ಗ್ಯಾರೇಜಿಗೇ ಹೋಗಬೇಕು. ಡಾಟ್ 5 ಎಂಬುದು ಸಿಲಿಕೋನ್ ದ್ರವ, ಡಾಟ್ 5.1 ಅಲ್ಲ; ಅದನ್ನು ಇತರ ಆಯಿಲ್‌ಗೆ ಬೆರೆಸಬಾರದು. ಗ್ಲೈಕಾಲ್ ಆಯಿಲಿನ ಚೆಲ್ಲಿದ ಹನಿ ಕಾರಿನ ಬಣ್ಣವನ್ನು ಕಿತ್ತುಹಾಕುತ್ತದೆ, ಕೂಡಲೇ ನೀರಿನಲ್ಲಿ ತೊಳೆಯಬೇಕು.

ಪ್ಯಾಡಿನ ಆಯ್ಕೆಯಲ್ಲಿ ಟ್ರ್ಯಾಕಿನ ಉತ್ಸಾಹ ಅತಿಯಾಗಬಾರದು. ಅಪ್ಪಟ ರೇಸ್ ಪ್ಯಾಡು ಬಿಸಿಯಾದ ಮೇಲಷ್ಟೇ ಚೆನ್ನಾಗಿ ಹಿಡಿಯುತ್ತದೆ. ಬೆಳಗಿನ ಚಳಿಯಲ್ಲಿ ದಾಬಸ್‌ಪೇಟೆಯ ಸರ್ವೀಸ್ ರಸ್ತೆಗೆ ಹಸುವೊಂದು ಅಡ್ಡ ಬಂದಾಗ, ತಣ್ಣಗಿರುವ ಆ ಪ್ಯಾಡು ಕಂಪನಿಯ ಪ್ಯಾಡಿಗಿಂತ ಕೆಟ್ಟದಾಗಿ ಹಿಡಿಯಬಹುದು. ರಸ್ತೆಗೂ ಟ್ರ್ಯಾಕಿಗೂ ಹೊಂದುವ ನಡುದರ್ಜೆಯ ಪ್ಯಾಡು ಮತ್ತು ಹೊಸ ಡಾಟ್ 4 ಅಥವಾ ಡಾಟ್ 5.1 ಆಯಿಲ್, ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಸಾಕು.

ಹೊಸ ಪ್ಯಾಡನ್ನು ಕೂರಿಸುವುದೆಂದರೆ ಅದರ ವಸ್ತುವಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಹರಡುವಂತೆ ಮಾಡುವುದು. ಗಂಟೆಗೆ 70-80 ಕಿ.ಮೀ. ವೇಗದಿಂದ 20ರವರೆಗೆ ಗಟ್ಟಿಯಾಗಿ, ಆದರೆ ಚಕ್ರ ಲಾಕ್ ಆಗದಂತೆ, ಎಂಟು ಹತ್ತು ಸಲ ಬ್ರೇಕ್ ಹಾಕಬೇಕು, ಪೂರ್ತಿ ನಿಲ್ಲಿಸಬಾರದು, ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ಆರಿಸಬೇಕು. ಇದಕ್ಕೆ ಜಾಗ ಹುಡುಕುವುದೇ ಕಷ್ಟ. ತುಮಕೂರು ಹೆದ್ದಾರಿಯಲ್ಲಿ ಬೆನ್ನಿಗೇ ಲಾರಿ ಇರುತ್ತದೆ. ಶಿವಗಂಗೆಯ ಕಡೆಗೆ ತಿರುಗುವ ರಸ್ತೆಯಲ್ಲಿ ಶನಿವಾರ, ಭಾನುವಾರ, ಹಬ್ಬದ ದಿನಗಳಲ್ಲಿ ಬೆಟ್ಟಕ್ಕೆ ಹೋಗುವ ಭಕ್ತರು, ಮಕ್ಕಳನ್ನು ಕೂರಿಸಿಕೊಂಡ ದ್ವಿಚಕ್ರ ವಾಹನಗಳು ಇರುತ್ತವೆ. ಅಲ್ಲಿ ಇಂಥ ಪರೀಕ್ಷೆ ಕೂಡದು. ವಾರದ ನಡುವಿನ ದಿನ, ಬೆಳಕು ಹರಿದ ಮೇಲೆ, ಮನೆ ಮತ್ತು ಅಡ್ಡದಾರಿ ಇಲ್ಲದ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಪ್ರತಿ ಸಲವೂ ಕನ್ನಡಿಯಲ್ಲಿ ಖಚಿತಪಡಿಸಿಕೊಂಡೇ ಮಾಡಬೇಕು.

ದುರಸ್ತಿಯ ಖರ್ಚು ಮಾಲೀಕನದೇ. ಸಾಮಾನ್ಯ ವಾಹನ ವಿಮೆಯ ಬಳಕೆಯ ಮಿತಿಗಳಲ್ಲಿ ಸಂಘಟಿತ ರೇಸು, ವೇಗದ ಪರೀಕ್ಷೆ ಮುಂತಾದವನ್ನು ಹೊರಗಿಟ್ಟಿರುತ್ತಾರೆ. ಪಾಲಿಸಿಯ ಆ ಭಾಗವನ್ನು ಟ್ರ್ಯಾಕಿಗೆ ಹೆಸರು ಕೊಡುವ ಮೊದಲೇ ಓದಬೇಕು.

ಇನ್ನು ಘಾಟಿಯ ವಿಷಯ. ನೆಲಮಂಗಲದಲ್ಲಿ ಕವಲೊಡೆಯುವ ರಾಷ್ಟ್ರೀಯ ಹೆದ್ದಾರಿ 75 ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುತ್ತದೆ. 1200 ಕೆ.ಜಿ. ಕಾರು ಪ್ರತಿ 100 ಮೀಟರ್ ಎತ್ತರ ಇಳಿದಾಗಲೂ ಸುಮಾರು 12 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಟ್ರ್ಯಾಕಿನಲ್ಲಿ 160ರಿಂದ 60ಕ್ಕೆ ಹಾಕಿದ ಬ್ರೇಕಿಗಿಂತ ಇದು ಹೆಚ್ಚು. ಐದು ಜನ ಮತ್ತು ಸಾಮಾನು ತುಂಬಿದರೆ ಇನ್ನೂ ಹೆಚ್ಚು. ಘಾಟಿಯಲ್ಲಿ ಈ ಶಕ್ತಿ ನಿಮಿಷಗಟ್ಟಲೆ ಹಂಚಿಹೋಗುತ್ತದೆ, ಗಾಳಿಯೂ ಎಂಜಿನ್ನೂ ಪಾಲು ತೆಗೆದುಕೊಳ್ಳುತ್ತವೆ ನಿಜ. ಆದರೆ ನ್ಯೂಟ್ರಲ್‌ನಲ್ಲಿ, ಲಾರಿಯ ಹಿಂದೆ ನಿಧಾನಕ್ಕೆ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುವ ಕಾರಿಗೆ ಆ ಎರಡು ಸಹಾಯವೂ ಇಲ್ಲ, ಟ್ರ್ಯಾಕಿನಲ್ಲಿ ಸಿಗುವಷ್ಟು ತಂಪು ಗಾಳಿಯೂ ಇಲ್ಲ. ಟ್ರ್ಯಾಕಿನಲ್ಲಿ ಕುದಿದು, ಊರಿನಲ್ಲಿ ಸರಿಯಾದಂತೆ ಕಂಡ ಆಯಿಲ್ ಎರಡನೆಯ ಸಲ ಕುದಿಯುವುದು ಇಂಥಲ್ಲಿ. ಆಗುಂಬೆ, ಚಾರ್ಮಾಡಿಗಳಿಗೂ, ಹತ್ತಿರದ ನಂದಿಬೆಟ್ಟ, ದೇವರಾಯನದುರ್ಗದ ಇಳಿಜಾರಿಗೂ ಇದೇ ಲೆಕ್ಕ.

ಟ್ರ್ಯಾಕಿಗೆ ಹೋಗಿಬಂದ ಕಾರಿನಲ್ಲಿ ಮೊದಲ ಸಲ ಘಾಟಿ ಇಳಿಯುವವರು ಸಕಲೇಶಪುರದಲ್ಲಿ ನಿಂತಾಗ ಪೆಡಲ್ ಎಷ್ಟು ಕೆಳಗೆ ಹೋಗುತ್ತದೆ ಎಂದು ಒತ್ತಿ ನೆನಪಿಟ್ಟುಕೊಳ್ಳಬೇಕು. ಇಳಿಯಲು ಎರಡನೆಯ ಅಥವಾ ಮೂರನೆಯ ಗೇರು, ತಿರುವಿಗೆ ಮೊದಲು ಗಟ್ಟಿಯಾಗಿ ಒಂದು ಬ್ರೇಕು, ಆಮೇಲೆ ಕಾಲು ಪೂರ್ತಿ ಬಿಡುವುದು. ಪೆಡಲ್ ಮೊದಲಿಗಿಂತ ಕೆಳಕ್ಕೆ ಹೋಗುತ್ತಿದೆ ಎನಿಸಿದೊಡನೆ, ಇನ್ನೂ ಸ್ವಲ್ಪ ಹಿಡಿತ ಇರುವಾಗಲೇ, ಕೆಳಗಿನ ಗೇರಿಗೆ ಬಂದು ಅಗಲವಾದ ಕಡೆ ಬದಿಗೆ ನಿಲ್ಲಿಸಬೇಕು. ಪೆಡಲ್ ಪೂರ್ತಿ ತಳ ಮುಟ್ಟಿದಾಗ ಬೇಗಬೇಗ ಹಲವು ಸಲ ತುಳಿದರೆ ಸ್ವಲ್ಪ ಒತ್ತಡ ಮರಳಬಹುದು. ಅದರ ಜತೆಗೆ ಗೇರು ಇಳಿಸಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಹಿಡಿದೇ ಅದನ್ನು ಮೆಲ್ಲಗೆ ಎಳೆದು ನಿಲ್ಲಿಸಬೇಕು. ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಕನಿಷ್ಠ ಅರ್ಧ ಗಂಟೆ ಬಿಟ್ಟು, ಪೆಡಲ್ ಗಟ್ಟಿಯಾದರೂ ಉಳಿದ ಇಳಿಜಾರನ್ನು ಮೊದಲ ಮತ್ತು ಎರಡನೆಯ ಗೇರಿನಲ್ಲೇ ಇಳಿದು, ಕೆಳಗೆ ಸಿಗುವ ಮೊದಲ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ ಮೇಲಷ್ಟೇ ಮುಂದಕ್ಕೆ ಹೋಗಬೇಕು.